ತಲಿಗೂದಲಾ ಯಾಕ ಉದುರತಾವ? ಜಡಿ ಯಾಕ ಬೀಳತೈತಿ?



ಈ ಸಲದ ಗೋಡೆ ಪತ್ರಿಕೆಗೆ ಆರೋಗ್ಯದ ಬಗ್ಗೆ ಯಾರು ಬರೆಯುತ್ತೀರಿ ಎಂದು ಟೀಚರ್ ಕೇಳಿದಾಗ ನಾನೇ ಕೈ ಎತ್ತಿದೆ. ಕಾರಣ ನಿಮಗೆಲ್ಲ ಗೊತ್ತಿದೆ. ಹೋದ ವರ್ಷ ನನ್ನ ಎರಡು ಜಡೆ ಕಂಡವರು ಈ ವರ್ಷ ಕಿವಿಯ ಮಟ್ಟಕ್ಕೆ ಕತ್ತರಿಸಿದ ಕೂದಲು ಕಂಡು "ಏನಾತ ನಿನಗ?" ಎಂದು ಕೇಳಿದ್ದೀರಿ. ಕೆಲವರು ಕೇಳದೆ ಹಿಂದಿನ ಬೆಂಚಿನಲ್ಲಿ ನಕ್ಕಿದ್ದೀರಿ. ಒಬ್ಬೊಬ್ಬರಿಗೂ ಹೇಳುತ್ತ ಹೋಗುವುದಕ್ಕಿಂತ ಗೋಡೆಗೆ ಅಂಟಿಸುವುದೇ ಸುಲಭ ಎನ್ನಿಸಿತು.

ನಮ್ಮೂರು ಶ್ರೀಕೃಷ್ಣ ಪಾರಿಜಾತದ ಊರು. ಕುಲಗೋಡ ತಮ್ಮಣ್ಣನ ಹೆಸರು ಹೇಳಿದರೆ ಬಯಲಾಟ ಬಲ್ಲವರೆಲ್ಲ ತಲೆದೂಗುತ್ತಾರೆ. ಹಾಗಾಗಿ ನಮ್ಮ ಓಣಿಯಲ್ಲಿ ಉದ್ದ ಕೂದಲಿನ ಹುಡುಗಿಗೆ "ಸತ್ಯಭಾಮಾ" ಎಂದು ಹೆಸರು ಬೀಳುತ್ತದೆ. ನನಗೂ ಬಿದ್ದಿತ್ತು. ಸೊಂಟದವರೆಗೆ ಕೂದಲು. ಆಯಿ ರವಿವಾರಕ್ಕೊಮ್ಮೆ ಕಟ್ಟೆಯ ಮೇಲೆ ಕೂಡ್ರಿಸಿ ಎಣ್ಣೆ ಹಚ್ಚಿ, ಹಣಿಗಿ ಆಡಿಸಿ, ಎರೆಯುತ್ತಿದ್ದಳು.

ಶ್ರಾವಣದಲ್ಲಿ ನನಗೆ ಟೈಫಾಯಿಡ್ ಬಂತು. ಹದಿನೆಂಟು ದಿನ ಹಾಸಿಗೆ. ಗಂಜಿ ಬಿಟ್ಟರೆ ಹೊಟ್ಟೆಗೆ ಬೇರೆ ಏನೂ ಇಲ್ಲ. ಜ್ವರ ಇಳಿಯಿತು, ಶಾಲೆಗೆ ಬಂದೆ, ಎಲ್ಲ ಮುಗಿಯಿತು ಎಂದುಕೊಂಡೆ. ದೀಪಾವಳಿಯ ಮುಂಜಾನೆ ಎಣ್ಣೆ ಹಚ್ಚಿ ಎರೆಯುವಾಗ ಆಯಿಯ ಕೈಯಲ್ಲಿ ಕೂದಲು ಹಿಡಿಹಿಡಿಯಾಗಿ ಬಂತು. ಬಚ್ಚಲದ ಮೋರಿ ಕಟ್ಟಿ ನೀರು ನಿಂತಿತು. ಆಯಿ ಮಾತಾಡಲಿಲ್ಲ. ನಾನು ಅತ್ತೆ.

ಎಣ್ಣೆ ಕೆಟ್ಟಿದ್ದೀತು ಎಂದರು. ಬೋರಿನ ನೀರಿನಿಂದ ಎಂದರು. ಯಾರದೋ ಕಣ್ಣು ತಾಗಿದೆ ಎಂದು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರು. ಎರಡು ತಿಂಗಳ ಹಿಂದಿನ ಜ್ವರದ ಮೇಲೆ ಯಾರ ಸಂಶಯವೂ ಹೋಗಲಿಲ್ಲ. ಅದೇ ಕಾರಣವಾಗಿತ್ತು. ಅದನ್ನು ದವಾಖಾನಿಯ ಡಾಕ್ಟರ ಮೇಡಂ ನನಗೆ ಬಿಡಿಸಿ ಹೇಳಿದ್ದು ಬಹಳ ತಡವಾಗಿ. ಅವರು ಹೇಳಿದ್ದನ್ನು, ಆಮೇಲೆ ನಾನು ಓದಿದ್ದನ್ನು, ನಮ್ಮ ಹೊಲದ ಲೆಕ್ಕದಲ್ಲೇ ಹೇಳುತ್ತೇನೆ.

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ಒಂದೊಂದಕ್ಕೂ ಚರ್ಮದೊಳಗೆ ಒಂದು ಸಣ್ಣ ಕುಳಿ, ಅದರ ತಳದಲ್ಲಿ ಬೇರು. ಜೀವ ಇರುವುದು ಆ ಬೇರಿಗೆ ಮಾತ್ರ. ಹೊರಗೆ ಕಾಣುವ ಕೂದಲು ಉಗುರಿನ ಹಾಗೆ ನಿರ್ಜೀವ ವಸ್ತು. ಅದರಲ್ಲಿ ರಕ್ತ ಇಲ್ಲ, ನರ ಇಲ್ಲ. ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ, ಕಿತ್ತರೆ ನೋಯುತ್ತದೆ. ಬೇರು ಎರಡರಿಂದ ಆರು ವರ್ಷ ಒಂದೇ ಸಮ ಕೂದಲು ಬೆಳೆಸುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆಮೇಲೆ ದಣಿದು ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆಯುತ್ತದೆ. ವಿಶ್ರಾಂತಿ ಮುಗಿದಾಗ ಹಳೆಯ ಕೂದಲು ಉದುರಿ ಅದೇ ಕುಳಿಯಿಂದ ಹೊಸದು ಹೊರಡುತ್ತದೆ. ಕುಳೆ ಕಬ್ಬು ಇದ್ದ ಹಾಗೆ. ಮೇಲಿನದು ಕಡಿದು ಹೋದರೂ ಬುಡ ನೆಲದಲ್ಲೇ ಇರುತ್ತದೆ, ಮತ್ತೆ ಚಿಗುರುತ್ತದೆ.

ಊರಿನ ಕಬ್ಬೆಲ್ಲ ಒಂದೇ ದಿನ ಕಟಾವಿಗೆ ಬರುವುದಿಲ್ಲ. ಇವರದು ಇಂದು, ಅವರದು ಮುಂದಿನ ತಿಂಗಳು. ತಲೆಯಲ್ಲೂ ಹಾಗೆಯೇ. ಹತ್ತರಲ್ಲಿ ಒಂಬತ್ತು ಕೂದಲು ಬೆಳೆಯುತ್ತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿ. ಆದ್ದರಿಂದ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುವುದು ಎಲ್ಲರಿಗೂ ಸಹಜ. ಹಣಿಗಿಯಲ್ಲಿ ನಾಲ್ಕು ಕೂದಲು ಕಂಡು ಹೆದರಬಾರದು.

ಆದರೆ ದೊಡ್ಡ ಜ್ವರ, ಹೆರಿಗೆ, ಆಪರೇಶನ್, ಬಹಳ ದಿನದ ಉಪವಾಸ, ದೊಡ್ಡ ದುಃಖ, ಇಂಥದ್ದೇನಾದರೂ ಬಂದರೆ ಮೈ ತನ್ನ ಶಕ್ತಿಯನ್ನು ಜೀವ ಉಳಿಸುವ ಕೆಲಸಕ್ಕೆ ಹಾಕುತ್ತದೆ. ಕೂದಲು ಬೆಳೆಸುವುದು ಆಗ ಅದಕ್ಕೆ ಮುಖ್ಯವಲ್ಲ. ಬೆಳೆಯುತ್ತಿದ್ದ ಎಷ್ಟೋ ಬೇರುಗಳು ಒಮ್ಮೆಲೇ ವಿಶ್ರಾಂತಿಗೆ ಹೋಗುತ್ತವೆ. ಕೂದಲು ಮಾತ್ರ ಆಗಲೇ ಉದುರುವುದಿಲ್ಲ, ಕುಳಿಯಲ್ಲೇ ನಿಂತಿರುತ್ತದೆ. ಎರಡು ಮೂರು ತಿಂಗಳಾದ ಮೇಲೆ ಎಲ್ಲವೂ ಒಟ್ಟಿಗೆ ಕಟಾವಿಗೆ ಬರುತ್ತವೆ. ಶ್ರಾವಣದ ಜ್ವರಕ್ಕೆ ದೀಪಾವಳಿಯಲ್ಲಿ ಕೂದಲು ಉದುರಿದ್ದು ಹೀಗೆ. 2020 ಮತ್ತು 2021ರಲ್ಲಿ ಕೊರೊನಾ ಬಂದು ಹೋದವರಿಗೂ ಎಷ್ಟೋ ಜನಕ್ಕೆ ಹೀಗೇ ಆಯಿತು. ಡೆಂಗಿ ಬಂದವರಿಗೂ ಆಗುತ್ತದೆ. ಹಡೆದ ಮೂರು ತಿಂಗಳಿಗೆ ಬಾಣಂತಿಯ ಕೂದಲು ಉದುರಿದರೆ "ಕೂಸು ನಗತೈತಿ, ಅದಕ್ಕ ತಾಯಿ ಕೂದಲಾ ಉದುರತಾವ" ಎನ್ನುತ್ತಾಳೆ ನಮ್ಮ ಅವ್ವ. ಕೂಸಿನ ನಗು ಕಾರಣವಲ್ಲ, ಆದರೆ ತಿಂಗಳ ಲೆಕ್ಕ ಮಾತ್ರ ಸರಿಯಾಗಿದೆ.

ಇಂಥ ಉದುರುವಿಕೆಗೆ ಬೇರು ಸಾಯುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತದೆ, ಕೂದಲು ಮತ್ತೆ ಬರುತ್ತದೆ. ಅದಕ್ಕೆ ಬೇಕಾದದ್ದು ಊಟ ಮತ್ತು ತಾಳ್ಮೆ. ಆದ್ದರಿಂದ ಕೂದಲು ಉದುರತೊಡಗಿದರೆ ನಿನ್ನೆ ಹಚ್ಚಿದ ಎಣ್ಣೆಯನ್ನು ಬೈಯುವ ಮೊದಲು ಮೂರು ತಿಂಗಳ ಹಿಂದೆ ಏನಾಗಿತ್ತು ಎಂದು ನೆನಪು ಮಾಡಿಕೊಳ್ಳಿರಿ.

ಇದು ನನಗೆ ಆಗ ಗೊತ್ತಿದ್ದರೆ ಮುಂದಿನದು ಆಗುತ್ತಿರಲಿಲ್ಲ. ನಾನು ಮಾಡಿದ್ದೇನೆಂದರೆ, ಹಣಿಗಿ ಆಡಿಸಿದರೆ ಉದುರುತ್ತದಲ್ಲ, ಹಣಿಗಿಯನ್ನೇ ಬಿಟ್ಟೆ. ಎರಕೊಂಡರೆ ಉದುರುತ್ತದಲ್ಲ, ಎರಕೊಳ್ಳುವುದನ್ನೂ ಬಿಟ್ಟೆ. ಮೇಲೆ ಮೇಲೆ ಎಣ್ಣೆ ಸವರಿ, ರಿಬ್ಬನ್ ಬಿಗಿದು ಶಾಲೆಗೆ ಬರುತ್ತಿದ್ದೆ. ಉದುರಬೇಕಾದ ಕೂದಲು ಹಣಿಗಿ ಮುಟ್ಟದಿದ್ದರೂ ಬೇರಿನಿಂದ ಬಿಟ್ಟೇ ಇರುತ್ತದೆ. ನೆಲಕ್ಕೆ ಬೀಳದೆ ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ.

ಎಳ್ಳಮಾಸಿಯ ಹೊತ್ತಿಗೆ ಹಿಂದಲೆಯಲ್ಲಿ ಕೈಗೆ ಒಂದು ಗಂಟು ಹತ್ತಿತು. ಆಡಿನ ಹಿಕ್ಕೆಯಷ್ಟಿದ್ದದ್ದು ಮೂರು ವಾರದಲ್ಲಿ ನಿಂಬೆಹಣ್ಣಿನಷ್ಟಾಯಿತು. ಕೆಳಗೆ ಹಗ್ಗದ ಹಾಗೆ ಗಟ್ಟಿ. ತುರಿಕೆ, ಹೇನು, ವಾಸನೆ. ನನಗೇ ಹೇಸಿಕೆ. ಒಂದು ದಿನ ಆಯಿ ನೋಡಿಬಿಟ್ಟಳು. ಆಕೆಯ ಮುಖ ಬಿಳಿಚಿಕೊಂಡಿತು. ಹಿಂದಕ್ಕೆ ಸರಿದು ಕೈ ಮುಗಿದಳು. ನನಗೆ, ಅಂದರೆ ನನ್ನ ತಲೆಯ ಗಂಟಿಗೆ!

"ಜಡಿ ಬಂದೈತಿ. ಎಲ್ಲಮ್ಮ ಕರದಾಳ. ಯಾರೂ ಕತ್ರಿ ಮುಟ್ಟಸಬ್ಯಾಡ್ರಿ. ಭಾರತ ಹುಣ್ಣಿವಿಗೆ ಗುಡ್ಡಕ್ಕ ಕರಕೊಂಡ ಹೋಗೂಣು."

ನಾನು ಆಯಿಯನ್ನು ಮೂಢ ಎಂದು ಬರೆಯುವುದಿಲ್ಲ. ಆಕೆಯ ಹೆದರಿಕೆಗೆ ಕಾರಣವಿತ್ತು. ಅದನ್ನು ಆ ರಾತ್ರಿ ಅವ್ವ ಹೇಳಿದಳು. ಆಯಿಗೆ ಒಬ್ಬ ಅಕ್ಕ ಇದ್ದಳು. ಹತ್ತು ವರ್ಷದವಳಿದ್ದಾಗ ತಲೆಯಲ್ಲಿ ಜಡಿ ಬಿತ್ತು. ಅವರಪ್ಪ ಸಿಟ್ಟಿನಿಂದ ಕತ್ತರಿಸಿ ಒಗೆದ. ಆ ವರ್ಷವೇ ಅವನು ಹಾಸಿಗೆ ಹಿಡಿದ. ಊರವರು ಇದಕ್ಕೂ ಅದಕ್ಕೂ ಗಂಟು ಹಾಕಿದರು. ಮತ್ತೆ ಜಡಿ ಬೀಳುವ ತನಕ ಕಾಯದೆ ಹುಡುಗಿಗೆ ಮುತ್ತು ಕಟ್ಟಿಸಿದರು. ಆಮೇಲೆ ಆಕೆಗೆ ಲಗ್ನವಿಲ್ಲ, ಶಾಲೆಯಿಲ್ಲ. ಮುಂಬಯಿ ಪ್ರಾಂತದಲ್ಲಿ 1934ರಲ್ಲೇ ಇದರ ವಿರುದ್ಧ ಕಾಯ್ದೆ ಬಂದಿತ್ತು, ಬೆಳಗಾವಿ ಜಿಲ್ಲೆ ಆಗ ಅದೇ ಪ್ರಾಂತದಲ್ಲಿತ್ತು. ಕಾಯ್ದೆ ಕಾಗದದಲ್ಲಿತ್ತು, ಕತ್ತರಿಯ ಹೆದರಿಕೆ ಮನೆಯಲ್ಲಿತ್ತು. ಕರ್ನಾಟಕ ಸರಕಾರ 1982ರಲ್ಲಿ ಮತ್ತೆ ಕಾಯ್ದೆ ಮಾಡಿತು. ದೇವರಿಗೆ ಹೆಣ್ಣುಮಕ್ಕಳನ್ನು ಬಿಡುವುದು ಅಪರಾಧ, ತಂದೆ ತಾಯಿ ಬಿಟ್ಟರೂ ಅಪರಾಧ.

ಈಗ ಜಡಿ ಬೀಳುವುದು ಹೇಗೆ ಎಂದು ಹೇಳುತ್ತೇನೆ. ಒಂದು ಉದ್ದ ಕೂದಲನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆಯಿರಿ. ನುಣ್ಣಗೆ ಬರುತ್ತದೆ. ತುದಿಯಿಂದ ಬುಡಕ್ಕೆ ಎಳೆಯಿರಿ. ಸ್ವಲ್ಪ ತಡೆಯುತ್ತದೆ. ಕಬ್ಬಿನ ಎಲೆಯ ಅಂಚನ್ನು ಒಂದು ದಿಕ್ಕಿಗೆ ಸವರಿದರೆ ಸುಮ್ಮನಿರುತ್ತದೆ, ಇನ್ನೊಂದು ದಿಕ್ಕಿಗೆ ಸವರಿದರೆ ಕೈ ಕೊಯ್ಯುತ್ತದೆ, ಹಾಗೆ. ಕೂದಲಿನ ಮೈಮೇಲೆ ಹೆಂಚು ಹೊದಿಸಿದಂತೆ ಬಹಳ ಸಣ್ಣ ಪೊರೆಗಳಿವೆ. ಹಣಿಗಿ ಕಾಣದ ತಲೆಯಲ್ಲಿ ಉದುರಿದ ಕೂದಲು ಒಂದಕ್ಕೊಂದು ತಿರುಗಾಮುರುಗಾ ಸಿಕ್ಕಿಕೊಂಡು ಈ ಪೊರೆಗಳು ಕೊಕ್ಕೆ ಹಾಕಿದಂತೆ ಹಿಡಿದುಕೊಳ್ಳುತ್ತವೆ. ಮೇಲೆ ಎಣ್ಣೆಯ ಜಿಡ್ಡು, ಬೆವರು, ಧೂಳು, ಹೇನು ತುರಿಸಿದ ಹುಣ್ಣಿನ ರಸಿಗೆ, ದಿಂಬಿನ ತಿಕ್ಕಾಟ. ಕುರಿಯ ಉಣ್ಣೆಯನ್ನು ಒದ್ದೆ ಮಾಡಿ ತಿಕ್ಕಿದರೆ ಗಟ್ಟಿ ಉಂಡೆಯಾಗುತ್ತದಲ್ಲ, ಅದೇ ಕೆಲಸ ಇಲ್ಲಿಯೂ ನಡೆಯುತ್ತದೆ. ಒಮ್ಮೆ ಗಂಟು ಬಿದ್ದರೆ ಪಕ್ಕದ ಕೂದಲನ್ನೂ ಎಳೆದುಕೊಳ್ಳುತ್ತ ಬೆಳೆಯುತ್ತದೆ.

ಇದು ಎಲ್ಲಮ್ಮನ ಸೀಮೆಯಲ್ಲಿ ಮಾತ್ರ ಆಗುವುದೂ ಅಲ್ಲ. ಯುರೋಪಿನ ಪೋಲೆಂಡ್ ದೇಶದಲ್ಲಿ ಒಂದು ಕಾಲಕ್ಕೆ ಇದು ಎಷ್ಟು ಹೆಚ್ಚಿತ್ತೆಂದರೆ ಡಾಕ್ಟರರು ಈ ಗಂಟಿಗೆ ಪೋಲೆಂಡಿನ ಹೆಸರನ್ನೇ ಇಟ್ಟು 'ಪ್ಲೈಕಾ ಪೊಲೊನಿಕಾ' ಎಂದರು. ಅಲ್ಲಿಯ ಜನ ಎಲ್ಲಮ್ಮನ ಹೆಸರೇ ಕೇಳಿದವರಲ್ಲ. ಆದರೂ ಜಡಿ ಕತ್ತರಿಸಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ ಎಂದು ನಮ್ಮಂತೆಯೇ ಹೆದರುತ್ತಿದ್ದರು. 19ನೆಯ ಶತಮಾನದಲ್ಲಿ ಕ್ರಾಕೋವ್ ಪಟ್ಟಣದ ಯೋಸೆಫ್ ಡೀಟ್ಲ್ ಎಂಬ ವೈದ್ಯ ಇದು ಬರೀ ಹೊಲಸಿನಿಂದ ಆಗುವುದು, ಕತ್ತರಿಸಿರಿ ಎಂದು ಜನರಿಗೆ ತಿಳಿಹೇಳಿದ. ಇದನ್ನು ಓದಿದಾಗ ನನಗೆ ಬಹಳ ಸಮಾಧಾನವಾಯಿತು. ಅಷ್ಟು ದೂರದ ಹುಡುಗಿಯರ ತಲೆಯಲ್ಲೂ ನನ್ನ ತಲೆಯ ಗಂಟೇ ಇತ್ತು!

ನಮ್ಮ ಜಿಲ್ಲೆಯದೇ ಉದಾಹರಣೆ ಬೇಕೆಂದರೆ ಘಟಪ್ರಭಾಕ್ಕೆ ಹೋಗಬೇಕು. ಅಲ್ಲಿ 1997ರಲ್ಲಿ ಶುರುವಾದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿದವರು ಮುತ್ತು ಕಟ್ಟಿಸಿಕೊಂಡಿದ್ದ ಹೆಣ್ಣುಮಕ್ಕಳೇ. ಅದರ ಮುಂದಾಳು ಸೀತವ್ವ ಜೋಡಟ್ಟಿಯವರನ್ನು ಸಣ್ಣ ಹುಡುಗಿ ಇದ್ದಾಗಲೇ ದೇವರಿಗೆ ಬಿಟ್ಟಿದ್ದರು. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಅವ್ವ ಆಯಿಯ ಜೊತೆ ಜಗಳ ತೆಗೆಯಲಿಲ್ಲ. ಆಶಾ ಅಕ್ಕನನ್ನು ಕರೆಸಿದಳು. ಆಶಾ ಅಕ್ಕ ಚಹಾ ಕುಡಿಯುತ್ತ ಆಯಿಗೆ ಒಂದೇ ಮಾತು ಕೇಳಿದಳು.

"ಆಯಿ, ಎಲ್ಲಮ್ಮಗ ಮೈಮ್ಯಾಲ ಬ್ಯಾನಿ ಬಂದಾಗ ಆಕಿ ಏನ ಮಾಡಿದ್ಲು?"

"ಜೋಗುಳಬಾವ್ಯಾಗ ಜಳಕಾ ಮಾಡಿದ್ಲು. ಬ್ಯಾನಿ ಹೋತು."

"ತಾನು ಜಳಕಾ ಮಾಡಿ ಬ್ಯಾನಿ ಕಳಕೊಂಡಾಕಿ, ಈ ಹುಡುಗಿಗೆ ತಲಿ ತೊಳಕೋಬ್ಯಾಡ ಅಂತಾಳೇನು?"

ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ದವಾಖಾನಿಗೆ ಹೋಗ್ರಿ. ನಾನೂ ಬರತೇನಿ" ಎಂದಳು.

ಡಾಕ್ಟರ ಮೇಡಂ ಮೊದಲು ಗಂಟು ನೋಡಲಿಲ್ಲ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ಆಮೇಲೆ ಪಕ್ಕದಲ್ಲಿ ಅರವತ್ತರಷ್ಟು ಕೂದಲು ಹಿಡಿದು ಮೆಲ್ಲಗೆ ಎಳೆದರು. ಹೀಗೆ ಎಳೆದಾಗ ಐದಾರಕ್ಕಿಂತ ಹೆಚ್ಚು ಕೈಗೆ ಬಂದರೆ ಉದುರುವುದು ಹೆಚ್ಚಾಗಿದೆ ಎಂದು ಅರ್ಥ. ಅಷ್ಟು ಹೊತ್ತಿಗೆ ನನಗೆ ಮೂರೇ ಬಂದವು. ಜ್ವರದ ಉದುರುವಿಕೆ ನಿಲ್ಲುತ್ತ ಬಂದಿತ್ತು, ನಾನೇ ತಿಳಿದಿರಲಿಲ್ಲ! ಆದರೆ ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಬಂತು. ನಮ್ಮ ವಯಸ್ಸಿನ ಹುಡುಗಿಯರಿಗೆ ಕಡಿಮೆ ಎಂದರೆ 12 ಇರಬೇಕು. ಕಬ್ಬಿಣದ ಅಂಶ ಕಡಿಮೆಯಾದರೆ ಬೇರಿಗೆ ಬಲ ಸಾಲುವುದಿಲ್ಲ, ಕೂದಲು ತೆಳ್ಳಗಾಗುತ್ತ ಹೋಗುತ್ತದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಶಾಲೆಯಲ್ಲಿ ವಾರಕ್ಕೊಂದು ನೀಲಿ ಗುಳಿಗೆ ಕೊಡುತ್ತಾರಲ್ಲ, ಕಬ್ಬಿಣದ ಗುಳಿಗೆ, ಅದನ್ನು ನಾನು ನಾಲಿಗೆಯ ಕೆಳಗೆ ಇಟ್ಟುಕೊಂಡು ಹೊರಗೆ ಹೋಗಿ ಉಗುಳುತ್ತಿದ್ದೆ. ನನ್ನ ಜೊತೆ ಉಗುಳಿದವರ ಹೆಸರು ಬರೆಯುವುದಿಲ್ಲ, ಗುಡಿಯ ಹಿಂದಿನ ಗೋಡೆಗೆ ಗೊತ್ತು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 47.8 ಜನರಿಗೆ ರಕ್ತಹೀನತೆ ಕಂಡಿತು. ಅಂದರೆ ನಮ್ಮ ಮನೆಯಲ್ಲಿ ಅವ್ವನಿಗಿಲ್ಲದಿದ್ದರೆ ಪಕ್ಕದ ಮನೆಯ ಕಾಕುಗೆ ಇದೆ. ಗುಳಿಗೆಯನ್ನು ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಹೆದರಬಾರದು, ಅದು ಕಬ್ಬಿಣದ್ದು. ಗುಳಿಗೆಯ ಹಿಂದೆಯೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಿಂಬೆಹಣ್ಣು ತಿಂದರೆ ಚೆನ್ನಾಗಿ ಹತ್ತುತ್ತದೆ. ಜಂತುಹುಳುವಿನ ಗುಳಿಗೆಯನ್ನೂ ಉಗುಳಬಾರದು, ಕೊಕ್ಕೆಹುಳು ರಕ್ತ ಕುಡಿಯುತ್ತದೆ. ಕೂದಲು ಪ್ರೋಟೀನಿನಿಂದ ಆದದ್ದು. ತತ್ತಿ, ಹೆಸರು, ಮಡಿಕೆ, ಶೇಂಗಾ, ಮೆಂತ್ಯೆ ಪಲ್ಲೆ ಇವು ತಲೆಗೆ ಹಚ್ಚುವ ಯಾವ ಎಣ್ಣೆಗಿಂತ ಹೆಚ್ಚು ಕೆಲಸ ಮಾಡುತ್ತವೆ. ಟಿವಿಯಲ್ಲಿ ಬರುವ ಎಣ್ಣೆಯ ಜಾಹೀರಾತು ನೋಡಿ ಅಪ್ಪನ ರೊಕ್ಕ ಕಳೆಯಬೇಡಿರಿ.

ಗಂಟಿನ ವಿಷಯಕ್ಕೆ ಬರೋಣ. ಎಳೆಯ ಗಂಟಾದರೆ ಬಿಡಿಸಬಹುದು ಎಂದರು ಮೇಡಂ. ಕೊಬ್ಬರಿ ಎಣ್ಣೆಯನ್ನು ಗಂಟಿಗೇ ನೆನೆಯುವಂತೆ ಹಾಕಿ, ತುದಿಯ ಕಡೆಯಿಂದ ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸುತ್ತ ಬುಡಕ್ಕೆ ಬರಬೇಕು. ಬುಡದಿಂದ ಎಳೆದರೆ ಕೂದಲು ಬೇರುಸಹಿತ ಬರುತ್ತದೆ. ನಾಲ್ಕು ಸಂಜೆ ಅವ್ವ ಮತ್ತು ಆಶಾ ಅಕ್ಕ ಕುಳಿತರು. ಅರ್ಧ ಬಿಟ್ಟಿತು. ಉಳಿದದ್ದು ಕಲ್ಲಾಗಿತ್ತು. ಐದನೆಯ ದಿನ ಕತ್ತರಿ ತಂದರು. ಆಯಿ ಕತ್ತರಿಗೆ ಅರಿಷಿಣ ಕುಂಕುಮ ಹಚ್ಚಿ ತಾನೇ ಅವ್ವನ ಕೈಗೆ ಕೊಟ್ಟಳು. ಗಂಟಿನ ಕೆಳಗೆ ಚರ್ಮ ಕೆಂಪಾಗಿ ಹುಣ್ಣಾಗಿತ್ತು. ಗಾಳಿ ತಾಗಿದಾಗ ತಣ್ಣಗೆ ಅನಿಸಿದ್ದು ನನಗೆ ಇನ್ನೂ ನೆನಪಿದೆ.

ಹೇನಿಗೆ ಮೇಡಂ ಪರ್ಮೆಥ್ರಿನ್ ಎಂಬ ಔಷಧ ಕೊಟ್ಟರು. ಒಮ್ಮೆ ಹಚ್ಚಿ ತೊಳೆದು, ಏಳರಿಂದ ಹತ್ತು ದಿನ ಬಿಟ್ಟು ಇನ್ನೊಮ್ಮೆ ಹಚ್ಚಬೇಕು. ಎರಡನೆಯ ಸಲ ಯಾಕೆಂದರೆ ಅಷ್ಟರಲ್ಲಿ ಉಳಿದ ಸೀರು ಒಡೆದು ಮರಿಯಾಗಿರುತ್ತವೆ, ಇನ್ನೂ ತತ್ತಿ ಇಟ್ಟಿರುವುದಿಲ್ಲ. ಮನೆಮಂದಿ ಎಲ್ಲರ ತಲೆಯನ್ನೂ ನೋಡಬೇಕು. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ತಲೆಗೆ ತಲೆ ತಾಗಿದಾಗ ನಡೆದು ಬರುತ್ತದೆ. ಒಂದೇ ಪುಸ್ತಕದಲ್ಲಿ ಮೂರು ತಲೆ ಇಟ್ಟು ಓದುವ ನಮ್ಮ ಬೆಂಚು ಅದಕ್ಕೆ ಸೇತುವೆ. ಒತ್ತು ಹಲ್ಲಿನ ಸೀರಣಿಗಿಯನ್ನು ಒದ್ದೆ ಕೂದಲಿಗೆ ಆಡಿಸಿದರೆ ಔಷಧವಿಲ್ಲದೆಯೂ ಬಹಳಷ್ಟು ಹೋಗುತ್ತವೆ, ಆದರೆ ವಾರಗಟ್ಟಲೆ ಬಿಡದೆ ಮಾಡಬೇಕು. ಚಿಮಣಿ ಎಣ್ಣೆಯನ್ನಾಗಲಿ ಬೆಳೆಗೆ ಹೊಡೆಯುವ ಔಷಧವನ್ನಾಗಲಿ ತಲೆಗೆ ಎಂದಿಗೂ ಹಚ್ಚಬಾರದು. ಒಂದಕ್ಕೆ ಬೆಂಕಿ ಹತ್ತುತ್ತದೆ, ಇನ್ನೊಂದು ಚರ್ಮದೊಳಗೆ ಇಳಿದು ಜೀವಕ್ಕೇ ಬರುತ್ತದೆ.

ಉಳಿದ ಸಣ್ಣ ವಿಷಯಗಳು. ತಲೆಯ ಹೊಟ್ಟಿಗೆ ಎಣ್ಣೆ ಸುರಿಯುವುದು ತಪ್ಪು. ಹೊಟ್ಟು ಹೆಚ್ಚಿಸುವ ಬೂಷ್ಟಿನಂಥ ಸೂಕ್ಷ್ಮಜೀವಿಗೆ ತಲೆಯ ಜಿಡ್ಡೇ ಊಟ. ವಾರಕ್ಕೆ ಎರಡು ಸಲ ತೊಳೆಯಬೇಕು. ಬಟ್ಟೆ ಸಾಬಾಣ ಬೇಡ, ಸೀಗೆಕಾಯಿ ಅಥವಾ ಸಾದಾ ಶಾಂಪೂ ಸಾಕು. ಕೂದಲು ಒದ್ದೆ ಇದ್ದಾಗ ಬಹಳ ನಾಜೂಕು, ಆಗ ಟವೆಲಿನಿಂದ ಝಾಡಿಸಬಾರದು. ರಿಬ್ಬನ್ ಹಾಕಿ ಹಣೆಯ ಚರ್ಮ ಹಿಗ್ಗುವಂತೆ ಬಿಗಿಯುವುದರಿಂದ ಹಣೆಯ ಅಂಚಿನ ಕೂದಲು ಬೇರು ಬಿಡುತ್ತದೆ, ವರ್ಷಗಟ್ಟಲೆ ಹಾಗೇ ಮಾಡಿದರೆ ಮರಳಿ ಬರುವುದಿಲ್ಲ. ಶಾಲೆಯ ನಿಯಮಕ್ಕೆ ಎರಡು ಜಡೆ ಬೇಕು, ಬಿಗಿ ಬೇಕೆಂದು ನಿಯಮ ಇಲ್ಲ. ಟೀಚರ್ ಇದನ್ನು ಓದುತ್ತಾರೆಂದು ಆಶಿಸುತ್ತೇನೆ.

ಗೆಳೆಯರೇ, ನಿಮಗೂ ಒಂದು ಮಾತು. ತಲೆಯಲ್ಲಿ ರೂಪಾಯಿಯಷ್ಟು ಜಾಗದ ಕೂದಲು ಹೋಗಿ ಅಲ್ಲಿ ಹೊಟ್ಟು, ತುರಿಕೆ, ತುಂಡು ತುಂಡು ಕೂದಲು ಕಂಡರೆ ಅದು ಹುಳುಕಡ್ಡಿ. ಒಬ್ಬರ ಹಣಿಗಿ ಇನ್ನೊಬ್ಬರು ಬಳಸಿದರೆ, ಟೊಪ್ಪಿಗೆ ಅದಲುಬದಲು ಮಾಡಿದರೆ ಹರಡುತ್ತದೆ. ರೋಗ ಕೂದಲಿನ ಒಳಗೇ ಹೊಕ್ಕಿರುವುದರಿಂದ ಬರೀ ಮುಲಾಮಿನಿಂದ ಹೋಗುವುದಿಲ್ಲ, ಡಾಕ್ಟರು ಕೊಡುವ ಗುಳಿಗೆಯನ್ನು ವಾರಗಟ್ಟಲೆ ನುಂಗಬೇಕು. ಜಾಗ ನುಣ್ಣಗಿದ್ದು ತುರಿಕೆ ಇಲ್ಲದಿದ್ದರೆ ಅದು ಬೇರೆ. ಮೈಯ ಕಾವಲು ಪಡೆ ತಪ್ಪಿ ತನ್ನದೇ ಬೇರಿನ ಮೇಲೆ ಬೀಳುವುದರಿಂದ ಆಗುವುದು, ಅಂಟುವುದಿಲ್ಲ. ಹುಳ ತಿಂದಿದೆ ಎಂದು ಬ್ಲೇಡಿನಿಂದ ಕೆರೆಯಬಾರದು. ಇನ್ನು ಗಂಡಸರಿಗೆ ನೆತ್ತಿ ಬಯಲಾಗುವುದು ತಾಯಿ ತಂದೆ ಎರಡೂ ಕಡೆಯ ವಂಶದಿಂದ ಬರುತ್ತದೆ. ಅದಕ್ಕೆ ಬಿಸಿಲೂ ಟೊಪ್ಪಿಗೆಯೂ ಕಾರಣವಲ್ಲ. ಗುರುಗಳು ಕ್ಷಮಿಸಬೇಕು.

ಕತ್ತರಿಸಿದ ಜಡಿಯನ್ನು ಆಯಿ ಅರಿಷಿಣ ಬಟ್ಟೆಯಲ್ಲಿ ಕಟ್ಟಿಟ್ಟಳು. ಹುಣ್ಣಿವೆಗೆ ಚಕ್ಕಡಿಯವರ ಜೊತೆ ತಾನೊಬ್ಬಳೇ ಗುಡ್ಡಕ್ಕೆ ಹೋಗಿ, ಜೋಗುಳಬಾವಿಯಲ್ಲಿ ಜಳಕ ಮಾಡಿ, ದೇವಿಗೆ ಅದನ್ನು ಒಪ್ಪಿಸಿ ಬಂದಳು. ನನ್ನನ್ನು ಕರೆಯಲಿಲ್ಲ. "ನಿನ್ನ ಪರೀಕ್ಷಾ ಅದಾವಲ್ಲ" ಎಂದಳು. ಬಂದ ಮೇಲೆ ಹತ್ತಾರು ದಿನ ಮನೆಯಲ್ಲಿ ಏನಾದರೂ ಕೆಡುಕಾಗುತ್ತದೆಯೇ ಎಂದು ಒಳಗೊಳಗೇ ಕಾಯುತ್ತಿದ್ದಳು. ಒಂದು ವಾರ ಎಮ್ಮೆ ಹಾಲು ಕಡಿಮೆ ಕೊಟ್ಟಿತು. ಆಯಿ ನನ್ನ ತಲೆಯನ್ನೇ ನೋಡಿದಳು. ಆಮೇಲೆ ಗೊತ್ತಾಯಿತು, ಹಿಂಡಿ ತೀರಿ ಎಂಟು ದಿನವಾಗಿತ್ತು, ಅಪ್ಪ ತಂದಿರಲಿಲ್ಲ.

ಈಗ ಐದು ತಿಂಗಳಾಯಿತು. ಹುಣ್ಣು ಮಾಯ್ದ ಜಾಗದಲ್ಲಿ ಕೂದಲು ಬೆರಳುದ್ದ ಬಂದಿದೆ. ಹಿಮೋಗ್ಲೋಬಿನ್ 11.2ಕ್ಕೆ ಏರಿದೆ. ರವಿವಾರ ಆಯಿ ಮೊದಲಿನಂತೆ ಕಟ್ಟೆಯ ಮೇಲೆ ಕೂಡ್ರಿಸಿ ಹಣಿಗಿ ಆಡಿಸುತ್ತಾಳೆ. ಉದುರಿದ್ದನ್ನು ನಾನು ಬಿಳಿ ಹಾಳೆಯ ಮೇಲೆ ಇಟ್ಟು ಎಣಿಸುತ್ತೇನೆ, ಆಯಿಯೂ ಬಗ್ಗಿ ನೋಡುತ್ತಾಳೆ. ಮೊನ್ನೆ ನಲವತ್ತೊಂದು. ಅದರಲ್ಲಿ ಆರು ಬಿಳಿಯವು, ಅವು ಆಯಿಯವು.

ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿ, ಕುಲಗೋಡ